ಶತ್ರುವಿನ ಮುಖ: ಸ್ಟಾರ್ ಟ್ರೆಕ್ ಸರಣಿಗಳು ಹೇಳುವ ಚರಿತ್ರೆ

ಒಂದು ದೇಶವನ್ನು ಅರಿಯಲು ಅದು ಮಾಡಿದ ಯುದ್ಧಗಳ, ಸಹಿ ಹಾಕಿದ ಒಪ್ಪಂದಗಳ ದಾಖಲೆಗಳನ್ನು ಓದಿದರೆ ಸಾಲದು. ಆ ದೇಶದ ಜನ ಸಂಜೆ ಹೊತ್ತು ಮನೆಯಲ್ಲಿ ಕೂತು ಯಾವ ಕಥೆಗಳನ್ನು ನೋಡಿದರು, ಆ ಕಥೆಗಳಲ್ಲಿ ಯಾರನ್ನು ಶತ್ರುವೆಂದು ತೋರಿಸಲಾಗಿತ್ತು ಎಂಬುದನ್ನೂ ಗಮನಿಸಬೇಕು. ಅಮೆರಿಕದ ಮಟ್ಟಿಗೆ ಇಂತಹ ಪರಿಶೀಲನೆಗೆ 'ಸ್ಟಾರ್ ಟ್ರೆಕ್' ಒಳ್ಳೆಯ ಸಾಮಗ್ರಿ. 1966ರಲ್ಲಿ ಆರಂಭವಾದ ಈ ವೈಜ್ಞಾನಿಕ ಕಲ್ಪನೆಯ ಟಿವಿ ಕಥೆ ಆರು ದಶಕಗಳಲ್ಲಿ ಹತ್ತಕ್ಕೂ ಹೆಚ್ಚು ಸರಣಿಗಳಾಗಿ ಬೆಳೆದಿದೆ. ನಮ್ಮಲ್ಲಿಯೂ 1980ರ ದಶಕದಲ್ಲಿ ದೂರದರ್ಶನದ ಮೂಲಕ ಅದರ ಪರಿಚಯವಾಗಿತ್ತು.

ಈ ಸರಣಿಗಳಲ್ಲಿ ಯಾವುದು ಶ್ರೇಷ್ಠ? ಅಭಿಮಾನಿಗಳ ನಡುವೆ ಎಂದೂ ಮುಗಿಯದ ವಾಗ್ವಾದವಿದು. ಒಬ್ಬರಿಗೆ ಸಾಹಸಿ ನಾಯಕ ಕರ್ಕ್ ಇಷ್ಟ, ಇನ್ನೊಬ್ಬರಿಗೆ ಗಂಭೀರ ಸ್ವಭಾವದ ಪಿಕಾರ್ಡ್. ನಾವು ಇಲ್ಲಿ ಬೇರೆಯೇ ಅಳತೆಗೋಲು ಹಿಡಿಯುತ್ತೇವೆ. ಪ್ರತಿಯೊಂದು ಸರಣಿಯೂ ತನ್ನ ಕಾಲದ 'ಅನ್ಯ'ನನ್ನು ಹೇಗೆ ನೋಡಿತು? ಶತ್ರುವಿಗೆ ಒಂದು ಮುಖ ಕೊಟ್ಟಿತೇ ಅಥವಾ ಮುಖವನ್ನು ಕಿತ್ತುಕೊಂಡಿತೇ?

ಸರಣಿಯ ಜನಕ ಜೀನ್ ರಾಡನ್‌ಬೆರಿ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿದವರು, ಆನಂತರ ಲಾಸ್ ಏಂಜಲೀಸ್‌ನಲ್ಲಿ ಪೊಲೀಸ್ ಆಗಿದ್ದವರು. ಅವರ ಕಲ್ಪನೆಯ ಭವಿಷ್ಯದಲ್ಲಿ ಮನುಷ್ಯ ಕುಲ ಹಸಿವನ್ನೂ ಜನಾಂಗ ದ್ವೇಷವನ್ನೂ ಗೆದ್ದಿದೆ. ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ನೌಕೆಯ ಸಿಬ್ಬಂದಿಯಲ್ಲಿ ಕಪ್ಪು ವರ್ಣದ ಮಹಿಳಾ ಅಧಿಕಾರಿಯಿದ್ದಾಳೆ, ಏಷ್ಯಾ ಮೂಲದ ಚಾಲಕನಿದ್ದಾನೆ. ಶೀತಲ ಸಮರ ಕಾವೇರಿದ್ದ 1967ರಲ್ಲಿ ಒಬ್ಬ ರಷ್ಯನ್ ತರುಣನೂ ಸೇರಿಕೊಂಡ.

ಇದು ಬರೀ ಅಲಂಕಾರವಾಗಿರಲಿಲ್ಲ. ಊಹುರಾ ಪಾತ್ರ ಮಾಡುತ್ತಿದ್ದ ನಿಶೆಲ್ ನಿಕೋಲ್ಸ್ ಮೊದಲ ವರ್ಷದ ಕೊನೆಗೆ ಸರಣಿ ಬಿಡಲು ಮುಂದಾಗಿದ್ದರು. ಅವರೇ ಹೇಳಿಕೊಂಡಂತೆ, ಅವರನ್ನು ತಡೆದವರು ಮಾರ್ಟಿನ್ ಲೂಥರ್ ಕಿಂಗ್. ಚಾಲಕ ಸುಲುವಿನ ಪಾತ್ರಧಾರಿ ಜಾರ್ಜ್ ಟಕೇ ಅವರ ಬಾಲ್ಯವಂತೂ ಅಮೆರಿಕದ ಆತ್ಮಸಾಕ್ಷಿಯ ಮೇಲಿನ ಕಲೆ. ಪರ್ಲ್ ಹಾರ್ಬರ್ ದಾಳಿಯ ನಂತರ ಸರಕಾರ ಸುಮಾರು 1,20,000 ಜಪಾನಿ ಮೂಲದವರನ್ನು ಮುಳ್ಳುತಂತಿಯ ಶಿಬಿರಗಳಿಗೆ ತಳ್ಳಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. 1942ರಲ್ಲಿ ಐದು ವರ್ಷದ ಟಕೇ ಕುಟುಂಬದೊಂದಿಗೆ ಅರ್ಕನ್ಸಾಸ್‌ನ ಶಿಬಿರ ಸೇರಿದರು. ಮುಖಚಹರೆಯ ಕಾರಣಕ್ಕೆ ಶತ್ರುವೆನಿಸಿಕೊಂಡ ಆ ಬಾಲಕ ಮುಂದೆ ಮನುಕುಲದ ನೌಕೆಯ ಚುಕ್ಕಾಣಿ ಹಿಡಿದ.

ಆದರೂ ಮೊದಲ ಸರಣಿಯ ಕಣ್ಣಿಗೆ ಪೊರೆಯಿತ್ತು. ಕ್ಲಿಂಗನ್ನರೆಂಬ ಶತ್ರು ಜನಾಂಗದವರಿಗೆ ಮುಖಕ್ಕೆ ಕಂದು ಬಣ್ಣ ಬಳಿದು ಕ್ರೂರಿಗಳನ್ನಾಗಿ ತೋರಿಸಲಾಯಿತು. 1967ರ ಒಂದು ಕಂತಿನಲ್ಲಿ ಬರುವ ಸರ್ವಾಧಿಕಾರಿಯ ಹೆಸರು ಖಾನ್ ನೂನಿಯನ್ ಸಿಂಗ್. ಅವನು ಉತ್ತರ ಭಾರತದವನು, ಬಹುಶಃ ಸಿಖ್ ಎಂದು ಕಥೆಯೇ ಹೇಳುತ್ತದೆ. ಪಾತ್ರ ಮಾಡಿದವರು ಮೆಕ್ಸಿಕೊ ಮೂಲದ ರಿಕಾರ್ಡೊ ಮೊಂಟಲ್ಬಾನ್. ಖಾನ್ ಯಾರು, ಸಿಂಗ್ ಯಾರು ಎಂಬ ವ್ಯತ್ಯಾಸ ಹಾಲಿವುಡ್‌ಗೆ ಬೇಕಿರಲಿಲ್ಲ, ಪೂರ್ವ ದಿಕ್ಕಿನ ಹೆಸರಾದರೆ ಸಾಕಿತ್ತು. ನಮ್ಮ ದೇಶದ ನಟಿಯೊಬ್ಬರು ಈ ಲೋಕ ಪ್ರವೇಶಿಸಿದ್ದು 1979ರ ಚಲನಚಿತ್ರದಲ್ಲಿ. ಮುಂಬೈಯ ಪಾರ್ಸಿ ಸಮುದಾಯದ ಪರ್ಸಿಸ್ ಖಂಬಾಟಾ ತಲೆ ಬೋಳಿಸಿಕೊಂಡು ಅನ್ಯಗ್ರಹದ ಯುವತಿಯಾಗಿ ನಟಿಸಿದರು.

ಮೂರು ವರ್ಷಗಳಲ್ಲಿ 79 ಕಂತುಗಳಾದ ಮೇಲೆ 1969ರಲ್ಲಿ ಸರಣಿ ನಿಂತಿತು. ಮರುಪ್ರಸಾರಗಳಿಂದ ಅದರ ಜನಪ್ರಿಯತೆ ಹೆಚ್ಚಿ, 1987ರಲ್ಲಿ 'ದಿ ನೆಕ್ಸ್ಟ್ ಜನರೇಶನ್' ಬಂತು. ಅದರಲ್ಲಿ ಹಿಂದಿನ ಶತ್ರು ಜನಾಂಗದ ವೋರ್ಫ್ ಎಂಬ ಕ್ಲಿಂಗನ್ ಅದೇ ನೌಕೆಯ ಅಧಿಕಾರಿ! ಬರ್ಲಿನ್ ಗೋಡೆ ಉರುಳಲು ಆಗ ಇನ್ನೂ ಎರಡು ವರ್ಷ ಬಾಕಿಯಿತ್ತು.

ಈ ಸರಣಿಯ ಬಲವಿರುವುದು ಯುದ್ಧದಲ್ಲಲ್ಲ, ವಿಚಾರಣೆಯಲ್ಲಿ. 1991ರ ಒಂದು ಕಂತಿನಲ್ಲಿ ನೌಕೆಯೊಳಗೆ ದೇಶದ್ರೋಹಿ ಇದ್ದಾನೆಂಬ ಗುಮಾನಿ ಹುಟ್ಟುತ್ತದೆ. ಒಬ್ಬ ಯುವ ಸಿಬ್ಬಂದಿ ತನ್ನ ಅಜ್ಜ ಶತ್ರು ಜನಾಂಗದವನೆಂಬುದನ್ನು ಮುಚ್ಚಿಟ್ಟಿರುತ್ತಾನೆ. ಅಷ್ಟೇ ಸಾಕು, ಅವನು ಅಪರಾಧಿಯಾಗಿಬಿಡುತ್ತಾನೆ. ಗುಮಾನಿ ಒಬ್ಬರಿಂದ ಇನ್ನೊಬ್ಬರಿಗೆ ಹರಡಿ ಕೊನೆಗೆ ನಾಯಕ ಪಿಕಾರ್ಡ್‌ನನ್ನೇ ಕಟಕಟೆಗೆ ತರುತ್ತದೆ. 1992ರ ಮತ್ತೊಂದು ಕಥೆಯಲ್ಲಿ ಪಿಕಾರ್ಡ್ ಶತ್ರುವಿನ ಕೈಗೆ ಸಿಕ್ಕಿ ಚಿತ್ರಹಿಂಸೆ ಅನುಭವಿಸುತ್ತಾನೆ. ಎದುರಿಗೆ ಉರಿಯುವ ದೀಪಗಳು ನಾಲ್ಕು, ಐದೆಂದು ಒಪ್ಪಿಕೋ ಎನ್ನುತ್ತಾನೆ ಹಿಂಸಿಸುವವನು. ಚಿತ್ರಹಿಂಸೆಯಿಂದ ಸತ್ಯ ಹೊರಬರುವುದಿಲ್ಲ, ಬಲಿಷ್ಠನಿಗೆ ಬೇಕಾದ ಸುಳ್ಳು ಹೊರಬರುತ್ತದೆ ಎಂಬುದನ್ನು ಇಷ್ಟು ಸರಳವಾಗಿ ಹೇಳಿದ ಟಿವಿ ಕಥೆಗಳು ವಿರಳ.

ಆದರೆ ನಮ್ಮ ಮೆಚ್ಚಿನ ಸರಣಿ ಇದೂ ಅಲ್ಲ. ಅದು 1993ರಿಂದ 1999ರವರೆಗೆ ಪ್ರಸಾರವಾದ 'ಡೀಪ್ ಸ್ಪೇಸ್ ನೈನ್'. ಉಳಿದ ಸರಣಿಗಳಲ್ಲಿ ನೌಕೆ ಒಂದು ಗ್ರಹಕ್ಕೆ ಬರುತ್ತದೆ, ಅಲ್ಲಿನ ಸಮಸ್ಯೆ ಬಗೆಹರಿಸುತ್ತದೆ, ಹೊರಟು ಹೋಗುತ್ತದೆ. ಇಲ್ಲಿ ಹೊರಟು ಹೋಗುವಂತಿಲ್ಲ. ಬಜೋರ್ ಎಂಬ ಗ್ರಹ ಐವತ್ತು ವರ್ಷ ಕಾರ್ಡೇಸಿಯನ್ನರ ಆಕ್ರಮಣದಲ್ಲಿ ನರಳಿ ಈಗಷ್ಟೇ ಬಿಡುಗಡೆ ಹೊಂದಿದೆ. ಅದರ ಬಳಿಯಿರುವ ಅಂತರಿಕ್ಷ ನಿಲ್ದಾಣದಲ್ಲಿ ಕಥೆ ನಡೆಯುತ್ತದೆ. ಆ ನಿಲ್ದಾಣವನ್ನು ಕಟ್ಟಿದ್ದು ಬಜೋರನ್ನರ ಜೀತದ ದುಡಿಮೆಯಿಂದ. ಬಜೋರನ್ನರು ಯಾರ ಪ್ರತಿರೂಪ ಎಂಬ ಪ್ರಶ್ನೆಗೆ ನಿರ್ಮಾಪಕ ರಿಕ್ ಬರ್ಮನ್ ಕುರ್ದರು, ಪ್ಯಾಲೆಸ್ತೀನಿಯರು, 1940ರ ದಶಕದ ಯಹೂದಿಗಳು ಎಲ್ಲರನ್ನೂ ಹೆಸರಿಸಿದ್ದರು. ನೆಲ ಕಳೆದುಕೊಂಡವರ ನೋವಿಗೆ ಒಂದೇ ಜಾತಿ, ಒಂದೇ ಧರ್ಮ ಇರುವುದಿಲ್ಲವಷ್ಟೆ.

ಕಿರಾ ಎಂಬ ಬಜೋರನ್ ಅಧಿಕಾರಿ ಬಾಲ್ಯದಲ್ಲೇ ಆಯುಧ ಹಿಡಿದು ಆಕ್ರಮಣಕಾರರ ವಿರುದ್ಧ ಹೋರಾಡಿದವಳು. ಮೊದಲ ವರ್ಷದ ಒಂದು ಕಂತಿನಲ್ಲಿ, ಘೋರ ಶಿಬಿರವೊಂದನ್ನು ನಡೆಸಿದ್ದ ಯುದ್ಧಾಪರಾಧಿ ಎನ್ನಲಾದ ಕಾರ್ಡೇಸಿಯನ್ ಆಕೆಯ ಸೆರೆಯಾಗುತ್ತಾನೆ. ತನ್ನ ಕೃತ್ಯಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ತನಿಖೆ ಮಾಡಿದಾಗ ಗೊತ್ತಾಗುತ್ತದೆ, ಅವನು ಆ ಶಿಬಿರದ ಸಾಮಾನ್ಯ ಗುಮಾಸ್ತ. ರಾತ್ರಿಯೆಲ್ಲ ಕೇಳಿಬರುತ್ತಿದ್ದ ಆಕ್ರಂದನಕ್ಕೆ ಕಿವಿ ಮುಚ್ಚಿಕೊಂಡು ಏನೂ ಮಾಡಲಾಗದೆ ಕೂತಿದ್ದವನು. ತನ್ನ ದೇಶ ತಪ್ಪೊಪ್ಪಿಕೊಳ್ಳುವಂತಾಗಲಿ ಎಂದು ಸತ್ತುಹೋದ ಅಪರಾಧಿಯ ಹೆಸರು ಹೊತ್ತು ಗಲ್ಲಿಗೇರಲು ಬಂದಿದ್ದಾನೆ. ಕಿರಾ ಅವನನ್ನು ಬಿಡುಗಡೆ ಮಾಡುತ್ತಾಳೆ. ಅಷ್ಟರಲ್ಲಿ ಒಬ್ಬ ಬಜೋರನ್ ಅವನನ್ನು ಇರಿದು ಕೊಲ್ಲುತ್ತಾನೆ. ಅವನು ಕಾರ್ಡೇಸಿಯನ್, ಕೊಲ್ಲಲು ಅಷ್ಟು ಕಾರಣ ಸಾಲದೇ ಎಂದು ಕೊಲೆಗಾರ ಕೇಳುತ್ತಾನೆ. ಸಾಲದು ಎನ್ನುತ್ತಾಳೆ ಕಿರಾ. ದಬ್ಬಾಳಿಕೆಗೆ ತುತ್ತಾದವಳೇ ಈ ಮಾತು ಹೇಳುವುದರಿಂದ ಅದಕ್ಕೆ ತೂಕವಿದೆ. ಆಕ್ರಮಣ ಮಾಡಿದವನು ಕ್ಷಮೆಯ ಉಪದೇಶ ಮಾಡಿದ್ದರೆ ಅದು ಕಪಟವಾಗುತ್ತಿತ್ತು.

ಇದೇ ನಿಲ್ದಾಣದ ವೈದ್ಯ ಜೂಲಿಯನ್ ಬಶೀರ್. ಪಾತ್ರಧಾರಿ ಸುಡಾನ್‌ನಲ್ಲಿ ಹುಟ್ಟಿದ ಸಿದ್ದಿಗ್ ಅಲ್ ಫಾದಿಲ್, ಮುಂದೆ ಅಲೆಕ್ಸಾಂಡರ್ ಸಿದ್ದಿಗ್ ಎಂದು ಹೆಸರಾದವರು. ಏಳು ವರ್ಷಗಳ ಕಥೆಯಲ್ಲಿ ಬಶೀರ್ ಎಂಬ ಹೆಸರು ಯಾರಿಗೂ ಸಮಸ್ಯೆಯಾಗುವುದಿಲ್ಲ. ಅವನು ರೋಗಿಗಳನ್ನು ನೋಡುತ್ತಾನೆ, ತಪ್ಪು ಮಾಡುತ್ತಾನೆ, ಗೆಳೆಯನೊಂದಿಗೆ ಆಟವಾಡುತ್ತಾನೆ, ಪ್ರೀತಿಸುತ್ತಾನೆ. ಅದೇ ನಟ 2007ರಲ್ಲಿ '24' ಎಂಬ ಜನಪ್ರಿಯ ಸರಣಿಯಲ್ಲಿ ಕಾಣಿಸಿಕೊಂಡದ್ದು ಭಯೋತ್ಪಾದನೆ ತ್ಯಜಿಸಿ ಶಾಂತಿಗಾಗಿ ಬಂದ ನಾಯಕನಾಗಿ. ನಟ ಅವರೇ, ಪ್ರತಿಭೆಯೂ ಅದೇ. ಬದಲಾದದ್ದು ನೋಡುವ ಕಣ್ಣು.

ರಾಡನ್‌ಬೆರಿಯವರ ಆಶಾವಾದಕ್ಕೆ ಈ ಸರಣಿ ದ್ರೋಹ ಬಗೆಯಿತೆಂದು ಆಕ್ಷೇಪಿಸುವವರಿದ್ದಾರೆ. ಅವರ ವಾದದಲ್ಲಿ ಹುರುಳಿಲ್ಲವೆನ್ನಲಾಗದು. 1996ರಲ್ಲಿ ಪ್ರಸಾರವಾದ ಕಂತುಗಳಲ್ಲಿ ನುಸುಳುಕೋರರ ಭಯದಿಂದ ಭೂಮಿಯ ಬೀದಿಗಳಿಗೆ ಸೈನಿಕರು ಇಳಿಯುತ್ತಾರೆ. ಪ್ರತಿಯೊಬ್ಬರೂ ತಾವು ಮನುಷ್ಯರೆಂದು ರಕ್ತ ಪರೀಕ್ಷೆಯಿಂದ ಸಾಬೀತುಪಡಿಸಬೇಕು. 1998ರ ಒಂದು ಕಂತಿನಲ್ಲಿ ನಾಯಕ ಸಿಸ್ಕೊ ತಟಸ್ಥ ರಾಷ್ಟ್ರವೊಂದನ್ನು ಯುದ್ಧಕ್ಕೆ ಎಳೆಯಲು ಸುಳ್ಳು ಸಾಕ್ಷ್ಯ ಸೃಷ್ಟಿಸುತ್ತಾನೆ. ಐದು ವರ್ಷಗಳ ನಂತರ, 2003ರ ಫೆಬ್ರವರಿಯಲ್ಲಿ, ಇರಾಕಿನ ಸಮೂಹ ನಾಶಕ ಅಸ್ತ್ರಗಳ ಬಗ್ಗೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ವಿಶ್ವಸಂಸ್ಥೆಯ ಮುಂದೆ 'ಪುರಾವೆ'ಗಳನ್ನಿಟ್ಟರು. ಅಂತಹ ಅಸ್ತ್ರಗಳು ಸಿಗಲೇ ಇಲ್ಲ. ಸಿಸ್ಕೊ ಕನಿಷ್ಠಪಕ್ಷ ರಾತ್ರಿ ಒಬ್ಬನೇ ಕೂತು ತನ್ನ ಅಪರಾಧವನ್ನು ತನಗೇ ಹೇಳಿಕೊಳ್ಳುತ್ತಾನೆ. ಪರೀಕ್ಷೆಗೆ ಒಳಗಾಗದ ಆಶಾವಾದಕ್ಕೆ ಬೆಲೆಯಿಲ್ಲ ಎಂಬುದು ನಮ್ಮ ಉತ್ತರ.

1995ರಿಂದ 2001ರವರೆಗೆ ನಡೆದ 'ವಾಯೇಜರ್' ಮೊದಲ ಬಾರಿಗೆ ಮಹಿಳೆಯೊಬ್ಬಳನ್ನು ಸರಣಿಯ ನಾಯಕಿಯನ್ನಾಗಿಸಿತು. ಅದರ ಹಿಂದೆ ಬಂದದ್ದು 'ಎಂಟರ್‌ಪ್ರೈಸ್'. ಅದು ಆರಂಭವಾದದ್ದು 2001ರ ಸೆಪ್ಟೆಂಬರ್ 26ರಂದು, ನ್ಯೂಯಾರ್ಕಿನ ಗೋಪುರಗಳು ಕುಸಿದ ಹದಿನೈದೇ ದಿನಗಳಲ್ಲಿ. 2003ರಲ್ಲಿ ಅದರ ಕಥೆ ದಿಕ್ಕು ಬದಲಿಸಿತು. ಅಪರಿಚಿತ ಶತ್ರುವಿನ ದಾಳಿಯಲ್ಲಿ ಭೂಮಿಯ ಎಪ್ಪತ್ತು ಲಕ್ಷ ಜನ ಸಾಯುತ್ತಾರೆ. ನಾಯಕ ಆರ್ಚರ್ ಬೆನ್ನಟ್ಟಿ ಹೊರಡುತ್ತಾನೆ. ಮಾಹಿತಿಗಾಗಿ ಒಬ್ಬ ಕೈದಿಯನ್ನು ಮುಚ್ಚಿದ ಕೋಣೆಯಲ್ಲಿ ಕೂಡಿಹಾಕಿ ಅಲ್ಲಿನ ಗಾಳಿಯನ್ನು ಹೊರಬಿಡುತ್ತಾನೆ. 1992ರಲ್ಲಿ ಚಿತ್ರಹಿಂಸೆ ಅನುಭವಿಸಿದವನು ನಾಯಕ, 2003ರಲ್ಲಿ ಚಿತ್ರಹಿಂಸೆ ಕೊಟ್ಟವನೂ ನಾಯಕ. ಅಬು ಘ್ರೈಬ್ ಜೈಲಿನ ಚಿತ್ರಗಳು ಜಗತ್ತಿನ ಮುಂದೆ ಬಂದದ್ದು 2004ರ ಏಪ್ರಿಲ್‌ನಲ್ಲಿ.

ನ್ಯಾಯವಾಗಿ ಹೇಳುವುದಾದರೆ, ಈ ಸರಣಿಯೂ ಅಲ್ಲಿಗೇ ನಿಲ್ಲಲಿಲ್ಲ. ಶತ್ರುಗಳು ಬೇರೆಯವರ ಮಾತಿಗೆ ಮೋಸಹೋದವರೆಂದು ಆರ್ಚರ್‌ಗೆ ತಿಳಿಯುತ್ತದೆ, ಅವರಲ್ಲಿ ಕೆಲವರೊಂದಿಗೆ ಸೇರಿಯೇ ಅವನು ಭೂಮಿಯನ್ನು ಉಳಿಸುತ್ತಾನೆ. 2005ರ ಕೊನೆಯ ಕಂತುಗಳಲ್ಲಿ ಬರುವ ಖಳರು ಅನ್ಯಗ್ರಹದವರಲ್ಲ, 'ಭೂಮಿ ನಮ್ಮದು ಮಾತ್ರ' ಎನ್ನುವ ಮನುಷ್ಯರೇ. ಭಯದಲ್ಲಿ ದಾರಿ ತಪ್ಪಿದ ಸಮಾಜ ಮತ್ತೆ ದಾರಿ ಹುಡುಕಿದ ಗುರುತು ಅಲ್ಲಿದೆ.

2017ರ 'ಡಿಸ್ಕವರಿ'ಯಿಂದ ಆರಂಭಿಸಿ ಹೊಸ ಸರಣಿಗಳು ಒಂದರ ಹಿಂದೊಂದು ಬಂದಿವೆ. ಅವುಗಳ ತಂತ್ರಜ್ಞಾನದ ಮುಂದೆ 1993ರ ನಿಲ್ದಾಣ ರಟ್ಟಿನ ಗೊಂಬೆಮನೆಯಂತೆ ಕಾಣುತ್ತದೆ. ಆದರೂ ಯಾವುದು ನಿಮಗೆ ಮೆಚ್ಚು ಎಂದು ಯಾರಾದರೂ ಕೇಳಿದರೆ ನಮ್ಮ ಉತ್ತರ ಬದಲಾಗುವುದಿಲ್ಲ. ಹೆಸರು, ಬಣ್ಣ, ಅಜ್ಜನ ಮೂಲ ಹುಡುಕಿ ಶತ್ರುವೆಂದು ಮುದ್ರೆ ಒತ್ತುವ ಕೆಲಸ ಇಂದಿಗೂ ನಿಂತಿಲ್ಲ. ಆ ಮುದ್ರೆ ಬಿದ್ದವರು ಟಕೇ ಅವರ ಶಿಬಿರದಲ್ಲಿದ್ದರು, ಬಶೀರ್ ಎಂಬ ಹೆಸರಿನವರಲ್ಲಿದ್ದಾರೆ, ನಾಳೆ ಇನ್ನೆಲ್ಲೋ ಇರುತ್ತಾರೆ. ಅಷ್ಟು ಕಾರಣ ಸಾಲದೇ ಎಂದು ಕೇಳುವವರಿಗೆ ಕೊರತೆಯಿಲ್ಲ. ಸಾಲದು ಎನ್ನುವವರು ಬೇಕು.