ಬೈಬಲ್ಲಿನ ಗ್ರಂಥಗಳೂ ತಾತ್ಪರ್ಯನಿರ್ಣಯದ ಕ್ರಮವೂ

ಬಳ್ಳಾರಿಯಲ್ಲಿ 1810ರಿಂದ ನೆಲಸಿದ್ದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯ ಉದ್ಯಮದಿಂದ 1831ರ ವೇಳೆಗೆ ಬೈಬಲ್ ಸಮಗ್ರವಾಗಿ ಕನ್ನಡದಲ್ಲಿ ಅಚ್ಚಾಯಿತು. ಅದೇ ಲಂಡನ್ ಮಿಶನ್ನು ನೇಸರಗಿಗೆ ಸಮೀಪದ ಬೆಳಗಾವಿಯಲ್ಲಿ 1820ರಲ್ಲಿಯೇ ಕಾಲೂರಿತ್ತು. ಅಂದಿನಿಂದ ಈ ಸೀಮೆಯ ವಿದ್ವಾಂಸರ ಮುಂದೆ ಪರಕೀಯವಾದ ಒಂದು ಶಾಸ್ತ್ರವು ಸ್ವಭಾಷೆಯಲ್ಲಿಯೇ ಇದೆ. ಅದರ ದೇವತತ್ತ್ವವನ್ನು ಯಾವ ಕ್ರಮದಿಂದ ಅರಿಯಬೇಕೆಂಬುದೇ ಇಲ್ಲಿಯ ವಿಚಾರ.

ಪ್ರಾಟೆಸ್ಟಂಟರ ಗಣನೆಯಂತೆ ಬೈಬಲ್ಲು 66 ಗ್ರಂಥಗಳ ಸಂಪುಟ. ಅಲ್ಲಲ್ಲಿಯ ವಾಕ್ಯಗಳನ್ನು ಆಯ್ದು ಸಿದ್ಧಾಂತವನ್ನು ಕಟ್ಟುವ ಪದ್ಧತಿಯೊಂದುಂಟು. ಒಂದೊಂದು ಗ್ರಂಥವನ್ನೂ ಆದ್ಯಂತವಾಗಿ ಓದಿ ಅದರದರ ತಾತ್ಪರ್ಯವನ್ನು ನಿರ್ಣಯಿಸುವ ಪದ್ಧತಿ ಇನ್ನೊಂದು. ಮೊದಲನೆಯದರ ದೋಷವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನೇಸರಗಿಯಲ್ಲಿ ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದ ಶಾಸನವಿದೆ. ಇಂತಹ ದಾನಶಾಸನಗಳಲ್ಲಿ ಪ್ರಶಸ್ತಿಯ ಪದ್ಯಗಳನ್ನಷ್ಟೇ ಕಿತ್ತು ಓದಿದವನು ಅವನ್ನು ರಾಜಸ್ತುತಿಯೆಂದು ಭ್ರಮಿಸುವನು. ಪ್ರಯೋಜನವಾದರೋ ದಾನ, ಪ್ರಶಸ್ತಿಯೂ ಕಡೆಯ ಶಾಪವಾಕ್ಯವೂ ಅದಕ್ಕೆ ಅಂಗಗಳು.

ಗ್ರಂಥಗಳ ಕನ್ನಡ ಹೆಸರುಗಳೇ ಮೊದಲನೆಯ ವ್ಯಾಖ್ಯಾನ. ಮೋಶೆಯವೆನ್ನುವ ಐದು ಗ್ರಂಥಗಳನ್ನು ತಮಿಳರು ‘ಆಗಮ’ ಶಬ್ದದಿಂದ ಕರೆದರೆ ಕನ್ನಡಿಗರು ‘ಕಾಂಡ’ಗಳೆಂದರು. ನಾಲ್ಕನೆಯದಕ್ಕೆ ಗ್ರೀಕರಿಟ್ಟ ಹೆಸರು ‘ಸಂಖ್ಯೆಗಳು’; ಇಂಗ್ಲಿಷರೂ ಅದನ್ನೇ ಅನುಸರಿಸಿದರು. ಕನ್ನಡದಲ್ಲಿ ಅದು ‘ಅರಣ್ಯಕಾಂಡ’. ರಾಮಾಯಣದ ನೆನಪನ್ನು ತರುವ ಈ ಹೆಸರು ಕೇವಲ ಅನುಕರಣವೆಂದು ತೋರಬಹುದು. ಆದರೆ ಇಬ್ರಿಯ ಮೂಲದ ಹೆಸರಾದ ‘ಬೆಮಿದ್ಬಾರ್’ ಎಂಬುದಕ್ಕೆ ‘ಅಡವಿಯಲ್ಲಿ’ ಎಂದೇ ಅರ್ಥ! ಗ್ರೀಕ್ ಹೆಸರು ಜನಗಣನೆಯ ಕಡೆಗೆ ಎಳೆದರೆ, ಕನ್ನಡದ ಹೆಸರು ನಾಲ್ವತ್ತು ವರ್ಷಗಳ ಅಲೆದಾಟದ ಕಡೆಗೆ ದೃಷ್ಟಿಯನ್ನು ತಿರುಗಿಸುತ್ತದೆ.

ತಾತ್ಪರ್ಯನಿರ್ಣಯಕ್ಕೆ ನಮ್ಮ ಶಾಸ್ತ್ರಜ್ಞರು ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂದು ಆರು ಲಿಂಗಗಳನ್ನು ಹೇಳಿರುವರು. ಇವನ್ನು ‘ಇಬ್ರಿಯರಿಗೆ ಬರೆದ ಪತ್ರಿಕೆ’ಗೆ ಅನ್ವಯಿಸಿ ನೋಡಬಹುದು. ಪೂರ್ವದಲ್ಲಿ ಪ್ರವಾದಿಗಳ ಮೂಲಕ ನುಡಿದ ದೇವರು ಕಡೆಗೆ ಮಗನ ಮೂಲಕ ನುಡಿದನೆಂಬುದು ಉಪಕ್ರಮ. ಆ ಮಗನ ರಕ್ತದಿಂದಾದ ನಿತ್ಯವಾದ ಒಡಂಬಡಿಕೆಯ ಸ್ಮರಣೆ ಉಪಸಂಹಾರದಲ್ಲಿದೆ. ‘ಒಂದೇ ಸಾರಿ’ ಎಂಬ ಮಾತು 7, 9, 10ನೆಯ ಅಧ್ಯಾಯಗಳಲ್ಲಿ ಪುನಃ ಪುನಃ ಬರುವುದು, ಇದು ಅಭ್ಯಾಸ. ಲೇವಿಯ ವಂಶಕ್ಕೆ ಸೇರದ, ಮೆಲ್ಕಿಜೆದೇಕನ ಕ್ರಮದ ಯಾಜಕತ್ವವೇ ಅಪೂರ್ವತೆ. ಪರಿಶುದ್ಧಸ್ಥಾನದ ಪ್ರವೇಶ ಫಲ. ನಂಬಿಕೆಯ ವೀರರನ್ನು ಹೊಗಳುವ 11ನೆಯ ಅಧ್ಯಾಯ ಅರ್ಥವಾದ. ಪ್ರತಿವರ್ಷವೂ ಅರ್ಪಿಸಬೇಕಾದ ಬಲಿಯು ಪೂರ್ಣವಾದುದಲ್ಲ, ಪೂರ್ಣವಾಗಿದ್ದರೆ ನಿಂತುಹೋಗುತ್ತಿತ್ತು ಎಂಬುದು ಉಪಪತ್ತಿ. ಆರೂ ಒಂದೇ ಅರ್ಥದಲ್ಲಿ ಸಂಗಮಿಸುತ್ತವೆ.

ಕಿಟ್ಟೆಲರು 1872ರ ‘ಯಜ್ಞಸುಧಾನಿಧಿ’ಯಲ್ಲಿ ಬಲಿತತ್ತ್ವವನ್ನು ವೈದಿಕ ಯಜ್ಞದ ಮೂಲಕ ವಿವೇಚಿಸಿದರು. ಸಾಹಸವು ಶ್ಲಾಘ್ಯ. ಆದರೆ ಅಗ್ನಿಹೋತ್ರವು ಯಾವಜ್ಜೀವವೂ ಆಚರಿಸತಕ್ಕುದು. ಪತ್ರಿಕೆಯ ಪ್ರಾಣವಾದರೋ ‘ಒಂದೇ ಸಾರಿ’ ಎಂಬುದರಲ್ಲಿದೆ. ‘ಬಲಿ’ ಎಂದೊಡನೆ ಗ್ರಾಮದೇವತೆಯ ಜಾತ್ರೆ ಕಣ್ಣಿಗೆ ಕಟ್ಟುವುದು. ಯಾವ ಶಬ್ದವನ್ನೇ ಆರಿಸಲಿ, ‘ಯಾಜಕಕಾಂಡ’ದಲ್ಲಿಯೂ ಈ ಪತ್ರಿಕೆಯಲ್ಲಿಯೂ ಅದು ಒಂದೇ ಆಗಿರಬೇಕು, ಇಲ್ಲವಾದರೆ ಹಳೆಯ ಬಲಿಗೂ ಹೊಸದಕ್ಕೂ ಹೋಲಿಕೆಯೇ ಕಾಣದೆ ಮೇಲೆ ಹೇಳಿದ ಉಪಪತ್ತಿಯು ಕನ್ನಡದ ಓದುಗನ ಪಾಲಿಗೆ ಕುಸಿಯುತ್ತದೆ.