ನಾಳೆಗೆ ಎರಡಾಳು

'ಆಳು' ಎಂಬ ಎರಡಕ್ಷರದೊಳಗೆ ಅರಸನೂ ಇದ್ದಾನೆ, ಅವನ ಕಾಲಾಳೂ ಇದ್ದಾನೆ. ಕ್ರಿಯಾಪದವಾದರೆ ರಾಜ್ಯಭಾರ, ನಾಮಪದವಾದರೆ ಊಳಿಗ. ಹಳಗನ್ನಡದಲ್ಲಿ 'ಆಳ್ದ' ಎಂದರೆ ಒಡೆಯ, 'ಆಳ್' ಎಂದರೆ ಅವನ ಬಂಟ. ಆಗ ಆಳ್ತನಕ್ಕೆ ಶೌರ್ಯವೆಂಬ ಅರ್ಥವೂ ಇತ್ತು. ಕತ್ತಿ ಹೋಗಿ ಕುಡುಗೋಲು ಬಂದ ಮೇಲೆ ಆಳಿನ ಪಾಲಿಗೆ ಉಳಿದದ್ದು ಗಾದೆಗಳು. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಅನ್ನುತ್ತಾರಲ್ಲ, ಅದನ್ನು ಕಟ್ಟಿದವನು ಆಳಾಗಿರಲಾರ. 'ಆಳಾಗಿ ದುಡಿ, ಅರಸಾಗಿ ಉಣ್ಣು' ಅನ್ನುವುದು ಕೇಳಲು ಚೆನ್ನ. ಎರಡನ್ನೂ ಒಬ್ಬನೇ ಮಾಡಿದ್ದನ್ನು ನಾನಂತೂ ನೋಡಿಲ್ಲ. ದುಡಿಯುವವನು ಅಪ್ಪ, ಉಣ್ಣುವುದು, ನಸೀಬು ನೆಟ್ಟಗಿದ್ದರೆ, ಮಕ್ಕಳು.

ಮಂಡ್ಯದ ಕಡೆ ನಾಟಿ ಹಂಗಾಮಿನಲ್ಲಿ ಕಿವಿಗೊಡಿ. "ನಾಳೆಗೆ ಎರಡಾಳು ಬೇಕಾಗಿತ್ತು ಕಣಣ್ಣ", "ಈ ಗದ್ದೆ ಎಂಟಾಳು ಹಿಡೀತದೆ". ಇಲ್ಲಿ ಆಳು ಅಂದರೆ ಮನುಷ್ಯನಲ್ಲ, ಒಂದು ದಿನದ ದುಡಿಮೆಯ ಅಳತೆ. ಅದಕ್ಕೇ ಮಧ್ಯಾಹ್ನಕ್ಕೆ ಎದ್ದು ಹೋದವರು ಅರ್ಧ ಆಳು. ಸರ್ಕಾರಿ ಕಡತ ಇದನ್ನೇ 'ಮಾನವ ದಿನ' ಅನ್ನುತ್ತದೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂದಿತು. 2025–26ರಲ್ಲಿ ನಮ್ಮ ರಾಜ್ಯಕ್ಕೆ ಗೊತ್ತುಮಾಡಿದ್ದು ದಿನಕ್ಕೆ 370 ರೂಪಾಯಿ. ಗದ್ದೆ ಬದುವಿನ ಮೇಲೆ ಮಾತ್ರ ಹೆಣ್ಣಾಳಿಗೊಂದು ದರ, ಗಂಡಾಳಿಗೊಂದು ದರ. ನಡು ಬಗ್ಗಿಸಿ ಪೈರು ನೆಡುವವರು ಹೆಂಗಸರೇ ಅನ್ನುವುದು ಬೇರೆ ಮಾತು.

ಗಮನಿಸಿ, ಈ ಪದ ಕರೆಯುವವರದ್ದು. ಹೋಗುವವರು "ಕೂಲಿಗೆ ಹೋಗ್ತೀನಿ" ಅನ್ನುತ್ತಾರೆ. ಅವರ ಬಾಯಲ್ಲಿ ಆಳು ಸಲೀಸಾಗಿ ಹೊರಳುವುದು ಮುಯ್ಯಾಳಿನಲ್ಲಿ: ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅಲ್ಲಿ ಒಡೆಯನಿಲ್ಲ, ಬಟವಾಡೆಯೂ ಇಲ್ಲ.

ನನಗೆ ಗೊತ್ತಿರುವ ಒಬ್ಬರು ಕಬ್ಬು ಕಡಿಯುತ್ತಾರೆ. ಅಲ್ಲಿ ಆಳಿನ ಲೆಕ್ಕವಿಲ್ಲ, ಟನ್ನಿನ ಲೆಕ್ಕ. ಹಾಗಾಗಿ ಒಬ್ಬರೇ ಎರಡಾಳಿನ ಕೆಲಸ ಎಳೆಯುತ್ತಾರೆ. ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ. ಆದರೂ ಸೋಗೆ ಗೀರಿದ ಗೆರೆಗಳು ಮೊಣಕೈವರೆಗೆ. ಸಂಜೆ ವಾರಕ್ಕೆ ಮಾಡಿದ ತುಂಡು ಗದ್ದೆಗೆ ನೀರು ಕಟ್ಟಬೇಕು. ಕೊಟ್ಟಿಗೆಯಲ್ಲಿ ಪಾಲಿಗೆ ಸಾಕಿದ್ದ ಕಡಸನ್ನು ಮಾರಿದಾಗ ಬಂದ ಅರ್ಧ ದುಡ್ಡು ಮಗಳ ನರ್ಸಿಂಗ್ ಕಾಲೇಜಿನ ಫೀಸಿಗೆ ಹೋಯಿತು.

"ಈಗ ಆಳೇ ಸಿಗಲ್ಲ, ಜನ ಸೋಮಾರಿಗಳಾದರು" ಎಂದು ಜಮೀನುದಾರರು ಗೊಣಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸಿಗದ ಆ ಆಳು ಕಾಲೇಜಿನ ಬೆಂಚಿನಲ್ಲೋ ಕಾರ್ಖಾನೆಯ ಪಾಳಿಯಲ್ಲೋ ಇರುತ್ತದೆ. ಹೆತ್ತವರು ಮೈ ಮುರಿದು ಅಲ್ಲಿಗೆ ದಾಟಿಸಿರುತ್ತಾರೆ. ಮೊನ್ನೆ ಆ ಕಬ್ಬು ಕಡಿಯುವವರ ಜಗಲಿಗೆ ಬಂದ ಗದ್ದೆಯವರು, "ನಾಟಿಗೆ ಒಂದು ಹೆಣ್ಣಾಳು ಕಮ್ಮಿ ಬಿದ್ದದೆ, ಮಗಳು ರಜಕ್ಕೆ ಬಂದವಳಲ್ಲ, ಕಳಿಸಪ್ಪ" ಅಂದರು.

"ಅವಳಿಗೆ ಪರೀಕ್ಷೆ ಗೌಡ್ರೆ. ನಾನೇ ಬತ್ತೀನಿ. ಆದ್ರೆ ಕೂಲಿ ಗಂಡಾಳಿಂದೇ ಕೊಡ್ಬೇಕು."