ಸೆಪ್ಟೆಂಬರ್ 13

1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂತು. ಮೈಸೂರು ಸಂಸ್ಥಾನದೊಳಗಿದ್ದ ತುಮಕೂರು ಸೀಮೆಗೆ ಬಂದದ್ದು ಅರ್ಧ ಮಾತ್ರ. ಮಹಾರಾಜ ಜಯಚಾಮರಾಜ ಒಡೆಯರು ಅದಕ್ಕೂ ಮೊದಲೇ ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ರುಜು ಹಾಕಿದ್ದರು, ನಿಜ. ಆದರೆ ಗುಬ್ಬಿಯಲ್ಲಾಗಲಿ ಕುಣಿಗಲ್ಲಿನಲ್ಲಾಗಲಿ ತಾಲ್ಲೂಕು ಕಚೇರಿಯ ಅಮಲ್ದಾರರು ಮೊದಲಿನಂತೆ ದಿವಾನರ ಹುಕುಮನ್ನೇ ಕಾಯುತ್ತಿದ್ದರು. ದಿವಾನಗಿರಿ ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರದು. ಜನರು ಆರಿಸಿದವರ ಕೈಗೆ ಆಡಳಿತ ಕೊಡಿ, ಜವಾಬ್ದಾರಿ ಸರ್ಕಾರ ಬರಲಿ ಎಂದು ಮೈಸೂರು ಕಾಂಗ್ರೆಸ್ ಕೇಳಿತು. ಅರಮನೆ ತಡಮಾಡಿತು. ಸೆಪ್ಟೆಂಬರ್ 1ಕ್ಕೆ ಕೆ.ಸಿ. ರೆಡ್ಡಿಯವರ ನಾಯಕತ್ವದಲ್ಲಿ 'ಮೈಸೂರು ಚಲೋ' ಚಳವಳಿ ಶುರುವಾಯಿತು.

ತುಮಕೂರಿನಿಂದ ಮೈಸೂರಿಗೆ ಹೋಗುವ ಹಳೆಯ ದಾರಿ ಕುಣಿಗಲ್ಲನ್ನು ಹಾದು ಮದ್ದೂರಿಗೆ ಇಳಿಯುತ್ತದೆ. ಟಿಪ್ಪುವಿನ ಕಾಲದಿಂದಲೂ ದಂಡಿಗೆ ಕುದುರೆ ಸಾಕಿಕೊಟ್ಟ ಊರು ಕುಣಿಗಲ್. ಈ ಸಲ ಎದ್ದ ದಂಡಿಗೆ ಕುದುರೆಯೂ ಇರಲಿಲ್ಲ, ಕತ್ತಿಯೂ ಇರಲಿಲ್ಲ. ಮುಂದಾಳುಗಳನ್ನು ಒಬ್ಬೊಬ್ಬರಾಗಿ ಜೈಲಿಗೆ ತುಂಬಿದಂತೆಲ್ಲ ಚಳವಳಿ ಹುಡುಗರ ಪಾಲಾಯಿತು. ಸಂಸ್ಥಾನದ ಊರೂರುಗಳಲ್ಲಿ ಶಾಲಾ ಕಾಲೇಜುಗಳು ಬರಿದಾದವು. "ಆರ್ಕಾಟ್ ಬಾಯ್ಕಾಟ್, ತಂಬೂಚೆಟ್ಟಿ ಚಟ್ಟ ಕಟ್ಟಿ!" ಎಂಬ ಕೂಗು ಬೀದಿಯಲ್ಲಿ ಎದ್ದಿತು. ತಂಬೂಚೆಟ್ಟಿ ಅರಮನೆಯ ಅಧಿಕಾರಿ. ಪ್ರಾಸ ಕೂಡಿಸುವ ಆ ಉಮೇದು ನೋಡಿದರೆ ಇದು ಹಿರಿಯರ ಸಮಿತಿಯಲ್ಲಿ ಹುಟ್ಟಿದ ಘೋಷಣೆಯಲ್ಲ, ಹಿಂದಿನ ಬೆಂಚಿನಲ್ಲಿ ಹುಟ್ಟಿದ್ದು ಎಂದೇ ನನ್ನ ಗುಮಾನಿ.

ಸೆಪ್ಟೆಂಬರ್ 13. ಮೈಸೂರಿನಲ್ಲಿ ಇಂದಿನ ಜೆ.ಎಲ್.ಬಿ. ರಸ್ತೆಯೂ ಚಾಮರಾಜ ಜೋಡಿ ರಸ್ತೆಯೂ ಕೂಡುವ ಕಡೆ ಮೆರವಣಿಗೆ ಬಂದು ನಿಂತಿತು. ಹಾರ್ಡ್ವಿಕ್ ಹೈಸ್ಕೂಲಿನ ವಿದ್ಯಾರ್ಥಿ ರಾಮಸ್ವಾಮಿ ತ್ರಿವರ್ಣ ಧ್ವಜ ಹಿಡಿದು ಕಂಬ ಹತ್ತಿದ. ಹದಿಹರೆಯದ ಹುಡುಗ. ಕಂಬ ಹತ್ತುವವನಿಗೆ ಎರಡು ಕೈಯೂ ಬೇಕು. ಕಲ್ಲೋ ಕತ್ತಿಯೋ ಹಿಡಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ಕೆಳಗಿನಿಂದ ಗುಂಡು ಹಾರಿತು. ಹುಡುಗ ಉಳಿಯಲಿಲ್ಲ.

ಅದೇ ದಿನಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1847ರ ಸೆಪ್ಟೆಂಬರ್ 13ರಂದು, ಮೆಕ್ಸಿಕೋ ನಗರದ ಚಪುಲ್ತೆಪೆಕ್ ಗುಡ್ಡದ ಕೋಟೆಯನ್ನು ಅಮೆರಿಕದ ಜನರಲ್ ವಿನ್‌ಫೀಲ್ಡ್ ಸ್ಕಾಟನ ಸೇನೆ ಏರಿ ಬಂದಿತ್ತು. ಕೋಟೆಯೊಳಗೆ ಸೈನಿಕ ಶಾಲೆ. ಅಲ್ಲಿ ಮಡಿದ ಆರು ಎಳೆಯರನ್ನು ಆ ನಾಡು 'ವೀರ ಬಾಲಕರು' ಎಂದು ಇಂದಿಗೂ ನೆನೆಯುತ್ತದೆ. ಅವರಲ್ಲಿ ಕಿರಿಯ ಫ್ರಾನ್ಸಿಸ್ಕೋ ಮಾರ್ಕೆಸ್‌ಗೆ 13 ವರ್ಷವೆಂದು ಹೇಳುತ್ತಾರೆ. ಹುವಾನ್ ಎಸ್ಕೂತಿಯಾ ಎಂಬವನು ಬಾವುಟ ವೈರಿಗಳ ಕೈಗೆ ಸಿಗಬಾರದೆಂದು ಅದನ್ನೇ ಮೈಗೆ ಸುತ್ತಿಕೊಂಡು ಕೋಟೆಯ ಮೇಲಿಂದ ಹಾರಿದನಂತೆ. ಚರಿತ್ರೆಕಾರರು ಈ ಮಾತನ್ನು ಅನುಮಾನಿಸುತ್ತಾರೆ. ಮೆಕ್ಸಿಕೋದ ಮಕ್ಕಳು ಅನುಮಾನಿಸುವುದಿಲ್ಲ. ಶತಮಾನ ತುಂಬಿದ ಆ ವರ್ಷ, 1947ರ ಮಾರ್ಚ್‌ನಲ್ಲಿ, ಗೆದ್ದ ದೇಶದ ಅಧ್ಯಕ್ಷ ಟ್ರೂಮನ್ ತಾನೇ ಹೋಗಿ ಅವರ ಸ್ಮಾರಕಕ್ಕೆ ಹೂವಿಟ್ಟು ತಲೆಬಾಗಿದ.

ತಾರೀಖು ಕೂಡಿಬಂದದ್ದು ಕಾಕತಾಳೀಯ. ಹೋಲಿಕೆಯನ್ನು ಎಳೆಯುತ್ತ ಹೋದರೆ ಹರಿಯುತ್ತದೆ. ಅಲ್ಲಿಯವರು ಕೋವಿ ಕಲಿತ ಕೆಡೆಟ್‌ಗಳು, ಎದುರಿಗಿದ್ದದ್ದು ಪರದೇಶದ ಪಡೆ. ಇಲ್ಲಿಯವನ ಕೈಯಲ್ಲಿದ್ದದ್ದು ಬಟ್ಟೆಯ ತುಂಡು, ಅದೂ ತಿಂಗಳ ಹಿಂದೆ ದೆಹಲಿಯಲ್ಲಿ ಸಕಲ ಗೌರವದೊಂದಿಗೆ ಏರಿದ್ದ ಬಾವುಟ. ಗುಂಡು ಹಾರಿಸಿದ್ದು ಪರದೇಶದವರಲ್ಲ, ಸಂಸ್ಥಾನದ್ದೇ ಆಡಳಿತ. ಇದಕ್ಕೂ ಮೊದಲು, 1942ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿಯ ಬಾಲಕ ನಾರಾಯಣ ಡೋಣಿ ಗುಂಡಿಗೆ ಬಿದ್ದಾಗ ಆಳುತ್ತಿದ್ದವರು ಬ್ರಿಟಿಷರು. ಆ ಸಿಟ್ಟಿಗೆ ಗುರಿ ಸ್ಪಷ್ಟವಿತ್ತು. ರಾಮಸ್ವಾಮಿಯ ಸಾವಿಗೆ ಯಾರ ಮೇಲೆ ಸಿಟ್ಟಾಗಬೇಕು? ಮಹಾರಾಜರ ಪಟಕ್ಕೆ ಹೂವಿನ ಹಾರ ಹಾಕುತ್ತಿದ್ದ ಮನೆಗಳಿಂದಲೇ ಹುಡುಗರು ಬೀದಿಗೆ ಬಂದಿದ್ದರು.

ಒಂದು ತಿಂಗಳೂ ತುಂಬಲಿಲ್ಲ, ಅರಮನೆ ಮಣಿಯಿತು. ಅಕ್ಟೋಬರ್ 12ಕ್ಕೆ ಒಪ್ಪಂದವಾಯಿತು, ಆ ತಿಂಗಳಲ್ಲೇ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ತುಮಕೂರು, ಗುಬ್ಬಿ, ಕುಣಿಗಲ್ಲುಗಳಿಗೆ ಉಳಿದರ್ಧ ಸ್ವಾತಂತ್ರ್ಯ ತಲುಪಿದ್ದು ಆಗ.

ಧ್ವಜ ಹಿಡಿದು ಹತ್ತಿದ ಆ ಜಾಗಕ್ಕೆ ಹುಡುಗನ ಹೆಸರೇ ನಿಂತಿತು. ಹುಡುಗನೂ ದಿವಾನನೂ ಇಬ್ಬರೂ ರಾಮಸ್ವಾಮಿಗಳೇ. ಬಸ್ಸಿನಲ್ಲಿ ಕಂಡಕ್ಟರ್ "ರಾಮಸ್ವಾಮಿ ಸರ್ಕಲ್, ಇಳೀರಿ" ಎಂದು ಕೂಗುವುದು ಹುಡುಗನ ಹೆಸರನ್ನು.